ಪುಷ್ಪಕದಲ್ಲಿ ಇಬ್ಬರಿಗೆ ಜಾಗ

ಇಷ್ಟಕ್ಕೆಲ್ಲ ಕಾರಣ ಕನಕವಲ್ಲಿ ಆಡಿದ ಒಂದೇ ಒಂದು ಮಾತು. ಹೋದ ದೀಪಾವಳಿಗೆ ನೆಂಟರನ್ನೆಲ್ಲ ತನ್ನ ಕಾರಿನಲ್ಲಿ ತುಂಬಿಕೊಂಡು ಮಲ್ಲೇಶ್ವರದ ತನ್ನ ಮನೆಗೆ ಹೊರಟವಳು, ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು ನೋಡಿ, "ಜಾಗ ಇಲ್ಲ ಕಣೇ ಆಂಡಾಳು, ನೀವಿಬ್ರೂ ಜಟಕಾ ಮಾಡ್ಕೊಂಡು ಬಂದ್ಬಿಡಿ" ಅಂದುಬಿಟ್ಟಳು. ಆಂಡಾಳ್ ಬೀದಿಯವರೆಗೆ ಬಂದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಸುಮ್ಮನೆ ನೋಡುತ್ತ ನಿಂತಳು. ಆ ನೋಟ ಗಂಡ ಚಕ್ರಪಾಣಿಯ ಎದೆಯೊಳಗೆ ಕೂತುಬಿಟ್ಟಿತು. ಪಾಪ, ಕಚೇರಿಯ ಗುಮಾಸ್ತ, ತಿಂಗಳ ಕೊನೆಗೆ ಬಸ್ಸಿಗೂ ಯೋಚಿಸುವ ಮನುಷ್ಯ.

ಒಂದು ತಿಂಗಳಾಗಿರಲಿಲ್ಲ, ಚಾಮರಾಜಪೇಟೆಯ ಅವನ ಮನೆಯಂಗಳಕ್ಕೆ ಎರಡು ಎತ್ತುಗಳು ಒಂದು ಪುಟ್ಟ ಮೋಟಾರನ್ನು ಎಳೆದು ತಂದವು. ಸ್ವಾತಂತ್ರ್ಯ ಬಂದ ವರ್ಷ ದಂಡಿನ ದೊರೆಯೊಬ್ಬ ಬಿಟ್ಟುಹೋಗಿದ್ದ ಗಾಡಿ, ಗುಜರಿ ಬೆಲೆಗೆ ಸಿಕ್ಕಿದ್ದು. ಅಲ್ಲಿಂದೀಚೆಗೆ ಹುಣಸೆಮರದಡಿಯಲ್ಲಿ ಕೋಳಿಗಳು ಅದರಲ್ಲಿ ಸಂಸಾರ ಹೂಡಿದ್ದವು. ಚಕ್ರಪಾಣಿ ಅದಕ್ಕೆ ಪುಷ್ಪಕ ಎಂದು ಹೆಸರಿಟ್ಟ.

"ಎಷ್ಟು ಜನ ಕೂತ್ರೂ ಇನ್ನೊಬ್ರಿಗೆ ಜಾಗ ಇರುತ್ತೆ ಆಂಡಾಳ್. ಮೊದಲನೇ ಜಾಗ ನಿನಗೆ, ನನ್ನ ಪಕ್ಕದಲ್ಲಿ."

"ಮೊದಲು ಒಳಗಿರೋ ಮೊಟ್ಟೆ ತೆಗೆಸ್ರೀ, ಮಡಿ ಕೆಡುತ್ತೆ" ಎಂದಳು ಆಂಡಾಳ್. ಆದರೆ ಸಂಜೆ ಯಾರೂ ಕಾಣದಾಗ ಮೋಟಾರಿನ ಬಾಗಿಲನ್ನು ಸೆರಗಿನಿಂದ ಒರೆಸಿದಳು.

ಕೈಯಲ್ಲಿ ಕಾಸಿಲ್ಲ, ಆದರೆ ಬೀದಿಯ ತುಂಬ ಜನ ಇದ್ದರು. ಎದುರುಮನೆಯ ಬಟ್ಟೆ ವ್ಯಾಪಾರಿ ಶಂಭುಲಿಂಗಪ್ಪನವರು ಮಳೆಗೆ ನೆಂದು ಮಾರಾಟವಾಗದ ಒಂದು ತಾನು ಬಟ್ಟೆ ಕೊಟ್ಟರು, ಅದು ಮೇಲಿನ ಹೊದಿಕೆಯಾಯಿತು. ಪಕ್ಕದ ಮನೆಯ ಜಾನಕಮ್ಮನವರ ಹಳೆ ಹಾಸಿಗೆಯ ನಾರು ಸೀಟಿನೊಳಗೆ ಸೇರಿತು. ಕಿಟಕಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದಲ್ಲಿ ಒಂದು ಮಗ್ಗುಲು ಮುಗಿಯಿತು, ಇನ್ನೊಂದು ಮಗ್ಗುಲಿಗೆ ನೀಲಿ ಸಿಕ್ಕಿತು. ಇಂಜಿನ್ನು ನೋಡಲು ಕಲಾಸಿಪಾಳ್ಯದ ಮೆಕ್ಯಾನಿಕ್ ವೀರಭದ್ರಯ್ಯ ಭಾನುವಾರಗಳಂದು ಬರುತ್ತಿದ್ದ. ಕೂಲಿ ಎರಡು ಲೋಟ ಕಾಫಿ, ಜೊತೆಗೆ ಆಂಡಾಳ್ ಮಾಡಿದ ಪುಳಿಯೋಗರೆ.

ಕಚೇರಿಯಿಂದ ಬಂದವನೇ ಚಕ್ರಪಾಣಿ ಇಟ್ಟಿಗೆಗಳ ಮೇಲೆ ನಿಂತ ಪುಷ್ಪಕದಲ್ಲಿ ಕೂತು ಸ್ಟೀರಿಂಗ್ ಹಿಡಿಯುತ್ತಿದ್ದ. ಕಣ್ಣು ಅರೆಮುಚ್ಚಿದರೆ ಸಾಕು, ತುಳಸಿಕಟ್ಟೆ ಹಿಂದಕ್ಕೆ ಸರಿದು ಲಾಲ್‌ಬಾಗಿನ ಮರಗಳು ಎದುರು ಬರುತ್ತಿದ್ದವು. ನಂದಿಬೆಟ್ಟದ ಹಾದಿಯಲ್ಲಿ ಆಂಡಾಳ್ ಮುಡಿಯ ಮಲ್ಲಿಗೆ ಘಮಘಮ ಎನ್ನುತ್ತಿತ್ತು. ತಿರುವು ಬಂದಾಗ ಬಲಗೈ ಹೊರಚಾಚಿ ಸಂಜ್ಞೆ ಕೊಡುತ್ತಿದ್ದ. ಒಮ್ಮೆ ಆ ಕೈ ತಗುಲಿ ಒಣಹಾಕಿದ್ದ ಹಪ್ಪಳವೆಲ್ಲ ಮಣ್ಣುಪಾಲಾಯಿತು.

ಕೊನೆಗೂ ಪುಷ್ಪಕ ಇಟ್ಟಿಗೆಯಿಂದ ಇಳಿದು ಗಾಲಿಗಳ ಮೇಲೆ ನಿಂತ ಆ ಭಾನುವಾರ ಬಂತು. ಕನಕವಲ್ಲಿಯ ಮಗಳ ಸೀಮಂತ, ಸಂಜೆ ಆರಕ್ಕೆ ಆರತಿ. ಎಲ್ಲರೆದುರಿಗೆ ಆಂಡಾಳ್ ಕಾರಿನಿಂದ ಇಳಿಯಬೇಕು. ಚಕ್ರಪಾಣಿಗೆ ಈ ಜನ್ಮದಲ್ಲಿ ಬೇರೇನೂ ಬೇಕಿರಲಿಲ್ಲ.

"ನಾಲ್ಕೂವರೆಗೆ ರಾಹುಕಾಲ ಸ್ವಾಮಿ. ಅಷ್ಟರೊಳಗೆ ಹೊಸ್ತಿಲು ದಾಟ್ಬೇಕು" ಎಂದು ಶಂಭುಲಿಂಗಪ್ಪನವರು ಕುರ್ಚಿ ಹಾಕಿಕೊಂಡು ಅಂಗಳದಲ್ಲೇ ಕೂತರು.

ಮೂರು ಗಂಟೆಗೆ ರೇಡಿಯೇಟರ್ ಸೋರತೊಡಗಿತು. "ರಾಗಿ ಹಿಟ್ಟು ಹಾಕಿ, ತೂತು ಮುಚ್ಕೊಳುತ್ತೆ" ಎಂದರು ಜಾನಕಮ್ಮ. ಒಂದು ಚಿಟಿಕೆ ಸಾಕು ಎಂದು ವೀರಭದ್ರಯ್ಯ ಹೇಳುವಷ್ಟರಲ್ಲಿ ಅವರು ಒಂದು ಸೇರು ಸುರಿದಾಗಿತ್ತು. ಇಂಜಿನ್ನು ಎರಡು ನಿಮಿಷ ಕೆಮ್ಮಿ ಬಿಸಿಯಾಯಿತು. ಆಮೇಲೆ ಪುಷ್ಪಕದ ಮೂತಿಯಿಂದ ಕೊತಕೊತ ಅಂಬಲಿ ಉಕ್ಕಿತು.

"ಉಪ್ಪು ಮಜ್ಜಿಗೆ ತರ್ಲಾ?" ಎಂದರು ಶಂಭುಲಿಂಗಪ್ಪನವರು.

ಹನ್ನೆರಡು ಕೊಡ ನೀರು ಹೊಯ್ದು ತೊಳೆದದ್ದಾಯಿತು. ಸೋರುವುದು ನಿಂತಿತು, ನಿಜ. ಆದರೆ ಇಂಜಿನ್ನೂ ನಿಂತುಬಿಟ್ಟಿತು. ವೀರಭದ್ರಯ್ಯ ಮುಂದಿನ ಹ್ಯಾಂಡಲ್ ತಿರುವಿ ತಿರುವಿ ಸುಸ್ತಾದ. ಚಕ್ರಪಾಣಿ ತಿರುವಿದ, ಹ್ಯಾಂಡಲ್ ಹಿಂದಕ್ಕೆ ಒದ್ದು ಅವನನ್ನು ಸಂಪಿಗೆ ಗಿಡದ ಬುಡಕ್ಕೆ ಕಳಿಸಿತು. ಗಂಟೆ ನಾಲ್ಕು ದಾಟಿತು.

ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದ ಆಂಡಾಳ್ ಕಣ್ಣು ತುಂಬಿಕೊಂಡಳು. ಜಾನಕಮ್ಮನವರು ಅವಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಆಂಡಾಳ್ ತಲೆಯಾಡಿಸಿ ಸರಸರನೆ ದೇವರ ಮನೆಗೆ ಹೋದಳು.

ಅವಳು ಒಳಗೆ ಹೋಗಿ ಐದು ನಿಮಿಷವಿರಬಹುದು. ವೀರಭದ್ರಯ್ಯ ಪ್ಲಗ್ಗನ್ನು ಉಜ್ಜಿ, ಶಪಿಸಿ, ಕಡೇ ಸಲವೆಂದು ಹ್ಯಾಂಡಲ್ ತಿರುವಿದ. ಡಬ್ ಎಂದಿತು. ಡಬ್ ಡಬ್ ಎಂದಿತು. ಪುಷ್ಪಕ ನಡುಗಿ, ಹೊಗೆಬಿಟ್ಟು, ಗುರುಗುಟ್ಟತೊಡಗಿತು! ಚಕ್ರಪಾಣಿ ಹುಚ್ಚನಂತೆ ನಕ್ಕ, ಅತ್ತ, ಶಂಭುಲಿಂಗಪ್ಪನವರನ್ನು ತಬ್ಬಿಕೊಂಡ.

"ಆಂಡಾಳ್! ಬಾ, ಹತ್ತು! ಇನ್ನೂ ಹತ್ತು ನಿಮಿಷ ಇದೆ!"

ಆಂಡಾಳ್ ಹೊರಗೆ ಬಂದಳು. ಕೈಯಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟು. ಮುಖದಲ್ಲಿ ಸಂತೋಷ, ಕಣ್ಣಲ್ಲಿ ನೀರು.

"ಹತ್ತೋ ಹಾಗಿಲ್ಲ ಕಣ್ರೀ. ತಿಮ್ಮಪ್ಪನಿಗೆ ಮುಡಿಪು ಕಟ್ಟಿದೀನಿ. ಮೋಟಾರು ಹೊರಟ್ರೆ ಒಂದು ವರ್ಷ ಗಾಲಿ ಇರೋ ಯಾವುದನ್ನೂ ಹತ್ತಲ್ಲ ಅಂತ ಹರಕೆ."

"ಅಯ್ಯೋ ಹುಚ್ಚಿ! ತೆಂಗಿನಕಾಯಿ ಅನ್ನಬಾರದಾಗಿತ್ತಾ?"

"ಅತಿ ಇಷ್ಟವಾದದ್ದನ್ನ ಬಿಟ್ರೇ ದೇವರು ಒಪ್ಪೋದು ಅಂದ್ರು ಜಾನಕಮ್ಮನೋರು. ನನಗೆ ಅತಿ ಇಷ್ಟ ಅಂದ್ರೆ ನಿಮ್ಮ ಪಕ್ಕದಲ್ಲಿ ಕೂತು ಮೋಟಾರಲ್ಲಿ ಹೋಗೋದು. ಅದನ್ನೇ ಬಿಟ್ಟೆ."

ಚಕ್ರಪಾಣಿ ಮೋಟಾರಿನ ಬಾಗಿಲು ತೆರೆದ. "ಸರಿ, ನಾನು ನಿಧಾನವಾಗಿ ನಿನ್ನ ಪಕ್ಕದಲ್ಲೇ ಓಡಿಸ್ಕೊಂಡು..."

"ನೀವೂ ಹತ್ತೋ ಹಾಗಿಲ್ಲ" ಎಂದಳು ಆಂಡಾಳ್ ತಲೆತಗ್ಗಿಸಿ. "ದಂಪತಿ ಜೊತೇಲಿ ಹೊತ್ಕೊಂಡ್ರೆ ಫಲ ಬೇಗ ಅಂದ್ರು. ನಿಮ್ಮ ಹೆಸರೂ ಸೇರಿಸ್ಬಿಟ್ಟೆ."

ಶಂಭುಲಿಂಗಪ್ಪನವರು ಕುರ್ಚಿಯಿಂದ ಎದ್ದರು. ಒಮ್ಮೆ ಕೆಮ್ಮಿದರು. "ಹರಕೆ ಮುರೀಬಾರ್ದು. ಆದ್ರೆ ಹೊರಟ ಗಾಡೀನ ನಿಲ್ಸೋದೂ ಅಪಶಕುನ. ನಮ್ಮ ಷಡ್ಡಕನ ಮನೆ ಮಲ್ಲೇಶ್ವರದಲ್ಲೇ ಇದೆ." ಜಾನಕಮ್ಮನವರಿಗೂ ಅಲ್ಲಿ ಒಬ್ಬರು ಸೋದರತ್ತೆ ಇದ್ದದ್ದು ತಟ್ಟನೆ ನೆನಪಾಯಿತು. ಅವರು ಮುಂದಿನ ಸೀಟಿನಲ್ಲಿ, ಅದೇ ಮೊದಲನೇ ಜಾಗದಲ್ಲಿ ಕೂತರು. ನಾರು ತಮ್ಮದೇ ತಾನೆ! ಹಿಂದೆ ಶಂಭುಲಿಂಗಪ್ಪನವರ ಸಂಸಾರವೆಲ್ಲ ತುಂಬಿಕೊಂಡಿತು. ವೀರಭದ್ರಯ್ಯ ಸ್ಟೀರಿಂಗ್ ಹಿಡಿದ. ನಾಲ್ಕು ಇಪ್ಪತ್ತೆಂಟಕ್ಕೆ ಪುಷ್ಪಕ ಪೋಂ ಪೋಂ ಎನ್ನುತ್ತ ಗೇಟು ದಾಟಿತು. ಹಿಂದೆಯೇ ದಂಪತಿ ಕಾಲುನಡಿಗೆಯಲ್ಲಿ ಹೊಸ್ತಿಲು ದಾಟಿದರು.

ಸಂಜೆಯ ಬಿಸಿಲು ಹದವಾಗಿತ್ತು. ಆಂಡಾಳ್ ಎಡಗಡೆ ನಡೆಯುತ್ತಿದ್ದಳು, ಕನಸಿನಲ್ಲಿ ಕೂರುತ್ತಿದ್ದ ಕಡೆಯೇ. ಮಲ್ಲಿಗೆಯೂ ಅದೇ. ಗಾಂಧಿನಗರದ ತಿರುವಿನಲ್ಲಿ ಚಕ್ರಪಾಣಿ ತನಗೆ ಗೊತ್ತಿಲ್ಲದೆ ಬಲಗೈ ಚಾಚಿ ಸಂಜ್ಞೆ ಕೊಟ್ಟ. ಹಿಂದಿನಿಂದ ಬಂದ ಸೈಕಲಿನವನು ಗಕ್ಕನೆ ನಿಂತ. ಆಂಡಾಳ್ ಸೆರಗು ಬಾಯಿಗಿಟ್ಟು ನಕ್ಕಳು. ಇಷ್ಟೇ ಸಾಕು ಎನಿಸಿತು ಅವನಿಗೆ, ಅರ್ಧ ಮೈಲಿಯವರೆಗೆ.

ಸಂಪಿಗೆ ರಸ್ತೆಯ ಏರಿನ ಬುಡದಲ್ಲಿ ಒಂದು ಮಗ್ಗುಲು ಹಸಿರು, ಇನ್ನೊಂದು ನೀಲಿ ಇದ್ದ ಗಾಡಿ ನಿಂತಿತ್ತು. ಒಳಗಿನವರು ಯಾರೂ ಇಳಿದಿರಲಿಲ್ಲ.

"ಬನ್ನಿ ಚಕ್ರಪಾಣಿಗಳೇ, ನಿಮ್ಮನ್ನೇ ಕಾಯ್ತಿದ್ವಿ!" ಎಂದು ಶಂಭುಲಿಂಗಪ್ಪನವರು ತಲೆ ಹೊರಹಾಕಿದರು. "ಹತ್ತೋದಕ್ಕೆ ತಾನೆ ಹರಕೆ? ತಳ್ಳೋದಕ್ಕೆ ಅಡ್ಡಿ ಇಲ್ಲವಲ್ಲ!"

ಚಕ್ರಪಾಣಿ ಹೆಂಡತಿಯ ಮುಖ ನೋಡಿದ. ಅವಳು ಒಂದು ಗಳಿಗೆ ಯೋಚಿಸಿ, "ಅಡ್ಡಿ ಇಲ್ಲ ಕಣ್ರೀ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆರತಿಯ ಹೊತ್ತಿಗೆ ಸರಿಯಾಗಿ ಪುಷ್ಪಕ ಕನಕವಲ್ಲಿಯ ಮನೆ ಮುಂದೆ ಬಂತು. ನೆಂಟರೆಲ್ಲ ಗೇಟಿಗೆ ಬಂದರು. ಜಾನಕಮ್ಮನವರು ಗತ್ತಿನಿಂದ ಇಳಿದರು. ಕನಕವಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದುಗಡೆ ಬೆವರು ಸುರಿಸುತ್ತ ನಿಂತ ತಂಗಿಯನ್ನೂ ಅವಳ ಗಂಡನನ್ನೂ ನೋಡಿ ಗಲ್ಲದ ಮೇಲೆ ಕೈಯಿಟ್ಟಳು.

"ಅಯ್ಯೋ ಆಂಡಾಳು! ನಿಮ್ಮ ಕಾರಲ್ಲೂ ನಿಮಗೆ ಜಾಗ ಇಲ್ವೇನೇ?"

ಆಂಡಾಳ್ ಸೊಂಟದ ಸೆರಗು ಬಿಡಿಸಿ ಮುಖದ ಬೆವರು ಒರೆಸಿಕೊಂಡಳು, ಆಮೇಲೆ ಅದೇ ಸೆರಗಿನಿಂದ ಮೋಟಾರಿನ ಬಾಗಿಲನ್ನೂ ಒರೆಸಿದಳು.