ಕೆಳಗಿನ ಮನೆಯವರು ಆಸ್ಪತ್ರೆಯಲ್ಲಿದ್ದಾರೆ

ನಮ್ಮ ಜನ ಸಾವಿನ ಸುದ್ದಿಯನ್ನು ಒಂದೇ ಸಲಕ್ಕೆ ಹೇಳುವುದಿಲ್ಲ, ಕಂತಿನಲ್ಲಿ ಹೇಳುತ್ತಾರೆ. ಮೊದಲು ‘ಸ್ವಲ್ಪ ಹುಷಾರಿಲ್ಲ’, ಆಮೇಲೆ ‘ಡಾಕ್ಟರ್ ನೋಡ್ತಿದ್ದಾರೆ’, ಕೊನೆಗೆ ‘ಸೀರಿಯಸ್ಸು, ಹೊರಟು ಬಂದ್ಬಿಡಿ’. ಹೊರಟು ಬಂದವರಿಗೆ ಉಳಿದದ್ದನ್ನು ಬಾಗಿಲ ಮುಂದಿನ ಚಪ್ಪಲಿಗಳ ರಾಶಿಯೇ ತಿಳಿಸುತ್ತದೆ. ಟೆಕ್ಸಸ್‌ಗೆ ಬಂದ ಮೇಲೆ ನಾನು ಬಹಳ ಬದಲಾಗಿದ್ದೇನೆ ಎಂದುಕೊಂಡಿದ್ದೆ. ಗುರುತಿಲ್ಲದವರನ್ನು ಕಂಡರೂ ನಗುತ್ತೇನೆ, ಬಿಸಿಲಿಗೆ ಹೆದರಿ ಎದುರು ಮನೆಗೂ ಕಾರಿನಲ್ಲಿ ಹೋಗುತ್ತೇನೆ. ಆದರೆ ಈ ಕಂತಿನ ಚಾಳಿ ಬಿಟ್ಟಿರಲಿಲ್ಲ. ಅದು ಗೊತ್ತಾದದ್ದು ಒಬ್ಬ ನಾರ್ವೆ ಮುದುಕನಿಂದ. ಅವನು ಕಾದಂಬರಿಯೊಳಗಿನ ಮುದುಕ, ಹುಟ್ಟಿಯೇ ಇರಲಿಲ್ಲ.

ನಾವಿರುವ ಊರು ಫ್ಲವರ್ ಮೌಂಡ್‌ನ ಕನ್ನಡದ ಗೆಳೆಯರು ತಿಂಗಳಿಗೊಂದು ಪುಸ್ತಕ ಓದುವ ಗುಂಪು ಮಾಡಿಕೊಂಡಿದ್ದೇವೆ. ಅದರಲ್ಲಿ ಓದಿಕೊಂಡು ಬರುವವರಿಗಿಂತ ಚಿತ್ರಾನ್ನ ಮಾಡಿಕೊಂಡು ಬರುವವರು ಹೆಚ್ಚು. ಈ ಸಲ ಪಾಲಿಗೆ ಬಂದದ್ದು ನಾರ್ವೆಯ ಒಂದು ಕೊಲೆ ಕಾದಂಬರಿ. ಅದರ ನಾಯಕ ಪತ್ತೇದಾರನಲ್ಲ, ಪಿಯಾನೋ ಶ್ರುತಿ ಮಾಡಿಕೊಡುವವನು. ರಕ್ತ ಕಂಡರೆ ಮೂರ್ಛೆ ಹೋಗುತ್ತಾನೆ. ಒಬ್ಬರ ಮನೆಯ ಪಿಯಾನೋದಲ್ಲಿ ಒಂದು ಸ್ವರ ಹೊರಡುತ್ತಿಲ್ಲವೆಂದು ಮುಚ್ಚಳ ಎತ್ತಿದರೆ ಒಳಗೊಂದು ಬೂಟು. ಬೂಟಿನೊಳಗೆ ಕಾಲು. ಇವನು ಅಲ್ಲೇ ಉರುಳಿಬೀಳುತ್ತಾನೆ, ಬಿದ್ದ ಹೊಡೆತಕ್ಕೆ ಆ ಸ್ವರ ಸರಿಹೋಗುತ್ತದೆ. ಅದನ್ನು ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

ಅತ್ತೆಯ ಕೋಣೆಯ ಬಾಗಿಲು ತೆರೆಯಿತು. ಕಳೆದ ಬೇಸಿಗೆಯಲ್ಲಿ ಮಾವ ಇಲ್ಲಿ ನಮ್ಮ ಮನೆಯಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ಅತ್ತೆ ಊಟಕ್ಕೆ ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ನನ್ನ ಹೆಂಡತಿ ಸುಮಾ ದೇವಸ್ಥಾನ, ವಾಕಿಂಗು, ಮರ್ಫಿ ಊರಿನಲ್ಲಿರುವ ಅಕ್ಕನ ಮನೆ ಎಲ್ಲ ಹೇಳಿ ನೋಡಿ ಸೋತಿದ್ದಳು. ಆ ಅತ್ತೆ ಬಂದು, “ಏನದು, ಅಷ್ಟೊಂದು ನಗ್ತಿದೀರಿ?” ಎಂದರು. ಕಾಲಿನ ವಿಷಯ ಹೇಳಿದೆ. “ಬಲಗಾಲೋ ಎಡಗಾಲೋ?” ಎಂದು ಕೇಳಿ ಸೋಫಾದ ಮೇಲೆ ಕೂತರು.

ಅಂದಿನಿಂದ ಸಂಜೆ ಕಾಫಿಯ ಹೊತ್ತಿಗೆ ನಾನು ಕನ್ನಡದಲ್ಲಿ ಕಥೆ ಹೇಳುವುದು, ಅವರು ಕೇಳುವುದು. ನಾರ್ವೆಯ ಹೆಸರುಗಳು ನನ್ನ ನಾಲಿಗೆಗೆ ಒಗ್ಗದ್ದರಿಂದ ಎಲ್ಲರಿಗೂ ವಿಳಾಸವೇ ಹೆಸರಾಯಿತು. ನಾಯಕನ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬ ಒಂಟಿ ಮುದುಕನಿದ್ದ. ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುವವನು, ಪುಟಕ್ಕೊಂದು ಲೋಟ ಕಾಫಿ ಕುಡಿಯುವವನು. ಅವನು ‘ಕೆಳಗಿನ ಮನೆಯವರು’. ಅತ್ತೆಗೆ ಕೊಲೆ ಬೇಕಿರಲಿಲ್ಲ, ನಾಯಕ ಬೇಕಿರಲಿಲ್ಲ. “ಆ ಹೆದರುಪುಕ್ಕಲನ ವಿಷಯ ಇರಲಿ, ಕೆಳಗಿನ ಮನೆಯವರು ಏನಂದ್ರು?” ಎಂಬುದೇ ಮೊದಲ ಪ್ರಶ್ನೆ. ಅವರು ಏನಂದರೂ ಅತ್ತೆ, “ಸರಿಯಾಗಿ ಹೇಳಿದ್ರು” ಎನ್ನುತ್ತಿದ್ದರು. ನಾನು ಕಾಫಿಗೆ ಸಕ್ಕರೆ ಹೆಚ್ಚು ಹಾಕುತ್ತೇನೆಂದು ಬಹಳ ದಿನದ ಮೇಲೆ ಗದರಿದ್ದೂ ಆಗಲೇ.

ಹೀಗಿರುವಾಗ ಒಂದು ಮಧ್ಯಾಹ್ನ, ಆಫೀಸಿನ ಮೀಟಿಂಗ್ ಕಿವಿಯಲ್ಲಿ ನಡೆಯುತ್ತಿರುವಂತೆಯೇ ಮುಂದಿನ ಅಧ್ಯಾಯ ತೆರೆದರೆ ಕೆಳಗಿನ ಮನೆಯವರು ಹಿಮದಲ್ಲಿ ಹೆಪ್ಪುಗಟ್ಟಿ ಕೂತಿದ್ದಾರೆ, ಯಾರನ್ನೋ ಬೈಯಲು ತೆರೆದ ಬಾಯಿ ತೆರೆದಂತೆಯೇ ಇದೆ. ಹತ್ತಿರದ ಊರು ಫಾರ್ಮರ್ಸ್ ಬ್ರಾಂಚ್‌ನ ಆಫೀಸಿನಲ್ಲಿದ್ದ ಸುಮಾಗೆ ಫೋನ್ ಮಾಡಿದೆ. “ನೋಡು, ಅಮ್ಮ ಈಗತಾನೆ ಮಾತಾಡೋಕೆ ಶುರು ಮಾಡಿದಾರೆ. ಆ ಕೆಳಗಿನ ಮನೆಯವರನ್ನ ಸಾಯಿಸಿದ್ರೆ ಸಂಜೆ ಅಡುಗೆ ನಿಂದೇ” ಎಂದಳು. ಆಚೆ ಲೇಖಕನ ಹಟವೂ ಗಟ್ಟಿಯಾಗಿತ್ತು: ಈ ಮುದುಕ ಸಾಯದೆ ಹೆದರುಪುಕ್ಕಲ ನಾಯಕ ಮನೆಯಿಂದ ಹೊರಗೆ ಕಾಲಿಡುವವನಲ್ಲ.

ಸಂಜೆ ನಾನು, “ಕೆಳಗಿನ ಮನೆಯವರಿಗೆ ಸ್ವಲ್ಪ ಹುಷಾರಿಲ್ಲ” ಎಂದೆ. ಮರುದಿನ ಆಸ್ಪತ್ರೆಗೆ ಸೇರಿಸಿದೆ. ನಾಯಕ ಹಾರ್ನ್ ಹೊಡೆಯಲೂ ಅಂಜುತ್ತ ಕೊಲೆಗಾರನನ್ನು ಅಟ್ಟಿಸಿಕೊಂಡು ಹೋಗುವುದೇಕೆಂದು ಅತ್ತೆ ಕೇಳಿದಾಗ, ಅವನಿಗೆ ಪಿಯಾನೋ ಶ್ರುತಿ ಮಾಡಿದ ಹಣ ಬಾಕಿ ಬರಬೇಕಿತ್ತು ಎಂದೇನೋ ಹೇಳಿದೆ. ನನ್ನ ಕಥೆ ಪುಸ್ತಕದಿಂದ ಎಷ್ಟು ದೂರ ಹೋಯಿತೆಂದರೆ, ಯಾವುದು ಓದಿದ್ದು, ಯಾವುದು ಕಟ್ಟಿದ್ದು ಎಂದು ನನಗೇ ಗೊಂದಲವಾಗತೊಡಗಿತು. ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸ ಕಡಿಮೆ. ದಿನಚರಿ ಬರೆಯುವುದೂ ಅದಕ್ಕೇ. ಆದರೆ ಅದನ್ನೂ ನಾನೇ ಬರೆಯುವುದರಿಂದ ಹೆಚ್ಚು ಉಪಯೋಗವಾಗಿಲ್ಲ.

“ಅವರು ಹೇಗಿದಾರೆ?” ಎಂದರು ಅತ್ತೆ ಒಂದು ಸಂಜೆ.

“ಡಾಕ್ಟರ್ ನೋಡ್ತಿದ್ದಾರೆ.”

ಅತ್ತೆ ಲೋಟ ಕೆಳಗಿಟ್ಟರು. “ಯಾವಾಗ ಹೋದ್ರು?”

ನಾನು ಪುಸ್ತಕದ ಪುಟ ತಿರುವಿದೆ.

“ಆಸ್ಪತ್ರೆಗೆ ಸೇರಿದ ಮೇಲೆ ಒಂದು ಲೋಟ ಕಾಫಿ ಕೇಳಿಲ್ಲ. ಒಬ್ಬ ನರ್ಸನ್ನೂ ಬೈದಿಲ್ಲ. ಬದುಕಿರೋರು ಹಾಗಿರ್ತಾರಾ? ಅವತ್ತೂ ನೀವು ಫೋನಲ್ಲಿ ಇದೇ ಮಾತು ಅಂದ್ರಿ, ಡಾಕ್ಟರ್ ನೋಡ್ತಿದ್ದಾರೆ ಅಂತ. ಆಮೇಲೆ ಯಾರೂ ನನಗೆ ಪೂರ್ತಿ ಹೇಳಲೇ ಇಲ್ಲ. ಈಗ ಹೇಳಿ.”

ಕೆಳಗಿನ ಮನೆಯವರ ಹಿಮದ ವಿಷಯ ಹೇಳಲು ಹೊರಟೆ. “ಅವರದಲ್ಲ” ಎಂದರು.

ಅವತ್ತು ಮಾವನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೊಬ್ಬನೇ. ಮೈಸೂರಿನ ನೆಂಟರೆಲ್ಲ ಹೇಳುವ ಪ್ರಕಾರ ಅವರು ‘ಕೃಷ್ಣಾ, ಕೃಷ್ಣಾ’ ಎಂದು ಕಣ್ಣು ಮುಚ್ಚಿದರು. ಇದನ್ನು ಮೊದಲು ಹೇಳಿದವರು ಯಾರೋ ತಿಳಿಯದು. ವೈಕುಂಠ ಸಮಾರಾಧನೆಯ ಹೊತ್ತಿಗೆ ನಾನೂ ತಲೆಯಾಡಿಸುತ್ತಿದ್ದೆ. ಆಮೇಲೆ ನನಗೆ ಆ ಕೃಷ್ಣಾ ನಿಜವಾಗಿಯೂ ಕೇಳಿಸಲು ಶುರುವಾಯಿತು, ಅದೂ ಅವರ ದನಿಯಲ್ಲೇ.

“ಕೃಷ್ಣಾ ಅಂದಿರಲಿಕ್ಕಿಲ್ಲ” ಎಂದರು ಅತ್ತೆ. “ಮಂಗಳಾರತಿಗೆ ಕರೆದ್ರೆ ಪೇಪರಿಂದ ತಲೆ ಎತ್ತಿದವರಲ್ಲ.”

ನೆನಪನ್ನು ಕೆದಕಿದೆ. ಎಲ್‌ಬಿಜೆ ಫ್ರೀವೇ, ಪಕ್ಕದಲ್ಲಿ ಎದೆ ನೀವಿಕೊಳ್ಳುತ್ತ ‘ಬರೀ ಗ್ಯಾಸ್ ಕಣಯ್ಯಾ’ ಎನ್ನುತ್ತಿದ್ದ ಮಾವ. ಅಮೆರಿಕದಲ್ಲಿ ಒಂದು ದಿನವೂ ಗಾಡಿ ಓಡಿಸದೆ ನನಗೆ ಸದಾ ದಾರಿ ತೋರಿಸುತ್ತಿದ್ದವರು. ನಾನು ಹೆದ್ದಾರಿ ಬಿಟ್ಟು ಆಸ್ಪತ್ರೆಯ ಕಡೆ ತಿರುಗಿಸಿದಾಗ ಒಂದು ಮಾತು ಆಡಿದ್ದರು. ಆಮೇಲೆ ಆಡಲಿಲ್ಲ.

“‘ಈ ಎಕ್ಸಿಟ್ ಅಲ್ಲ’ ಅಂದ್ರು, ಅತ್ತೆ.”

“ನೀವು ತಪ್ಪು ಎಕ್ಸಿಟ್ ತಗೊಂಡಿದ್ರಾ?”

“ಇಲ್ಲ, ಸರಿಯಾದದ್ದೇ.”

“ಹಾಗಾದ್ರೆ ಅವರೇ ಅಂದಿದ್ದು” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ರಾತ್ರಿ ಊಟಕ್ಕೆ ಬರಲಿಲ್ಲ. ಸುಮಾ ನನ್ನ ಜೊತೆ ಮಾತಾಡಲಿಲ್ಲ. ಅಡುಗೆ ನಾನೇ ಮಾಡಿದೆ. ಇಬ್ಬರಲ್ಲಿ ಯಾರೂ ತಿನ್ನಲಿಲ್ಲ.

ಮರುದಿನ ಸಂಜೆ ನಾನು ಕರೆಯುವ ಮೊದಲೇ ಅತ್ತೆ ಸೋಫಾದಲ್ಲಿದ್ದರು. ಪುಸ್ತಕ ತೆಗೆದುಕೊಂಡೆ. “ಅದು ಬೇಡ. ನಿನ್ನೆಯದನ್ನ ಹೇಳಿ, ಮನೆಯಿಂದ ಹೊರಟಲ್ಲಿಂದ” ಎಂದರು. ಹೇಳಿದೆ. ಗ್ಯಾರೇಜು, ಮಾವ ಸೀಟ್‌ಬೆಲ್ಟ್ ಜೊತೆ ಜಗಳಾಡಿದ್ದು, ಸಣ್ಣಗೆ ಹನಿಯುತ್ತಿದ್ದ ಮಳೆ, ವೈಪರಿನ ಸದ್ದು.

“ಅವತ್ತು ಮಳೆ ಇರಲಿಲ್ಲ” ಎಂದರು ಅತ್ತೆ. “ನಾನು ಹಿತ್ತಿಲಲ್ಲಿ ಸಂಡಿಗೆ ಹಾಕಿದ್ದೆ.”

ನಾನು ವೈಪರ್ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.