ತಂಗಿಯ ಕರ್ನೆಲ್ಲಿಗೆ ನಾನು ತಲೆಯಾಡಿಸಿದ್ದು

ತಲೆಯಾಡಿಸುವುದು ಒಂದು ಕಾಯಿಲೆ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಅದು ಅತಿ ಹೆಚ್ಚು ಉಲ್ಬಣಿಸುವುದೇ ಡಾಕ್ಟರರ ಎದುರಿಗೆ, ಮತ್ತು ಅವರಿಗೂ ಅದರಿಂದ ಅನುಕೂಲವೇ. ನಾನು ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಸೋದರಮಾವನ ಬೆನ್ನು ಹಿಡಿದು ಡೊಂಬಿವಲಿಗೆ ಬಂದು ಹೋಟೆಲು ಹಿಡಿದವನು. ಗಲ್ಲಾದ ಮೇಲೆ ಕೂತವನು ಯಾವತ್ತೂ ಗೊತ್ತಿಲ್ಲ ಎನ್ನಬಾರದು ಎಂಬುದು ಮಾವ ಕಲಿಸಿದ ಮೊದಲ ಪಾಠ. ಅಂದಿನಿಂದ ಮರಾಠಿಯಲ್ಲಿ ಬೈದವರಿಗೂ, ಹಿಂದಿಯಲ್ಲಿ ಹೊಗಳಿದವರಿಗೂ, ಇಂಗ್ಲಿಷಿನಲ್ಲಿ ನಿಯಮ ಓದಿ ಹೇಳಿದವರಿಗೂ ಒಂದೇ ತೂಕದಲ್ಲಿ ತಲೆಯಾಡಿಸುತ್ತ ಬಂದಿದ್ದೇನೆ. ಒಮ್ಮೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ ಹೀಗೇ ಆಡಿಸಿ ನೀರಿನ ಟಾಂಕಿಯ ಉಸ್ತುವಾರಿಯನ್ನು ಕೊರಳಿಗೆ ಕಟ್ಟಿಕೊಂಡೆ. ಅದು ನನಗೆ ತಿಳಿದದ್ದು ಟಾಂಕಿ ಉಕ್ಕಿ, ಮೇಲಿನ ಮಾಳಿಗೆಯವರು ಒದ್ದೆ ಹಾಸಿಗೆ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದ ದಿನ. ಅವರು ಬೈಯುತ್ತಿದ್ದಾಗಲೂ ನಾನು ತಲೆಯಾಡಿಸುತ್ತಿದ್ದೆ ಎಂದು ಹೆಂಡತಿ ಶಾರದೆ ಇಂದಿಗೂ ಹೇಳುತ್ತಾಳೆ.

ಇದರಿಂದ ಒದ್ದೆಯಾಗುವುದು ಹಾಸಿಗೆ ಮಾತ್ರ ಎಂದುಕೊಂಡಿದ್ದೆ. ಆದರೆ ಈಚೆಗೆ ನನ್ನ ತಲೆಯಾಟಕ್ಕೆ ತಂಗಿ ಸುಮಾ ಬಲಿಯಾದಳು. ಅದನ್ನು ಎಲ್ಲಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಸುಮಾ ನನಗಿಂತ ತುಂಬ ಚಿಕ್ಕವಳು. ನಾನು ಓದದೆ ಬಿಟ್ಟದ್ದನ್ನೆಲ್ಲ ಅವಳು ಓದಿ ಮುಗಿಸಿ, ಈಗ ಸಾನಪಾಡಾದಲ್ಲಿ ಮನೆ ಮಾಡಿಕೊಂಡಿದ್ದಾಳೆ. ಗಿರಾಕಿಗಳು ಕೇಳಿದರೆ ನಾನು 'ತಂಗಿ ಕಂಪ್ಯೂಟರಿನಲ್ಲಿ ಇದ್ದಾಳೆ' ಎನ್ನುತ್ತಿದ್ದೆ, ಅವಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಎಂಬ ಧಾಟಿಯಲ್ಲಿ. ನಿಜಕ್ಕೂ ಅವಳಿರುವುದು ಇನ್ನೂ ಒಳಗೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕರ್ನೆಲ್ ಎಂಬುದೊಂದು ಇದೆಯಂತೆ. ಹೋಟೆಲಿನ ಅಡುಗೆಮನೆಯ ಹಾಗೆ ಅದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಆದರೆ ಅದು ನಿಂತರೆ ಎಲ್ಲವೂ ನಿಂತಂತೆ. ಅದರೊಳಗೆ ಸಾವಿರಾರು ಸಣ್ಣ ಸಣ್ಣ ಕೆಲಸಗಳು. ಒಂದೊಂದನ್ನೂ ಫಂಕ್ಷನ್ ಎನ್ನುತ್ತಾರೆ. ಎಲ್ಲಿ ತಡವಾಗುತ್ತಿದೆ, ಎಲ್ಲಿ ಎಡವುತ್ತಿದೆ ಎಂದು ತಿಳಿಯಬೇಕಾದರೆ ಬೇಕಾದ ಫಂಕ್ಷನ್ನಿನ ಹೊಸ್ತಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಬಹುದು. ಕೆಲಸ ಶುರುವಾಯಿತು, ಕೆಲಸ ಮುಗಿಯಿತು ಎಂದು ಅವನು ವರದಿ ಕೊಡುತ್ತಾನೆ. ಇದೇ ಟ್ರೇಸಿಂಗ್. ಆದರೆ ಶುರುವನ್ನು ನೋಡುವುದಕ್ಕೆ ಒಂದು ವಿಧಾನ, ಮುಗಿಯುವುದನ್ನು ನೋಡುವುದಕ್ಕೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಕಟ್ಟುಪಾಡು. ಸುಮಾ ಎರಡನ್ನೂ ಸೇರಿಸಿ ಒಂದೇ ಸರಳ ವಿಧಾನ ಮಾಡಿದ್ದಳು. ಅವಳ ಸ್ವಂತ ಹೆಸರಿನಲ್ಲಿ ಕರ್ನೆಲ್ಲಿನೊಳಗೆ ಹೋಗಬೇಕಾಗಿದ್ದ ಮೊದಲ ಕೆಲಸ ಅದು.

ಲೋಕದ ಎಲ್ಲ ಕಡೆಯ ಜನ ಸೇರಿ ಈ ಕರ್ನೆಲ್ಲನ್ನು ಕಟ್ಟುತ್ತಾರಂತೆ; ಹೊಸದನ್ನು ಸೇರಿಸಿಕೊಳ್ಳುವ ಬಾಗಿಲು ಆಗೊಮ್ಮೆ ಈಗೊಮ್ಮೆ ಕೆಲವೇ ದಿನ ತೆರೆದಿರುತ್ತದೆಯಂತೆ. ಪರೀಕ್ಷಿಸುವ ಹಿರಿಯರು ಕೆಲಸವನ್ನು ಒಪ್ಪಿದ್ದರು. ವಿವರಣೆ ಮಾತ್ರ ಗೋಜಲಾಗಿದೆ, ಸರಳ ಮಾಡಿದ್ದನ್ನು ಸರಳವಾಗಿ ಹೇಳದಿದ್ದರೆ ಬಳಸುವವರು ಯಾರು ಎಂದು ಕೇಳಿದ್ದರು. ಹಾಗಾಗಿ ಒಂದು ಭಾನುವಾರ ಅವಳು ಲ್ಯಾಪ್‌ಟಾಪ್ ಹಿಡಿದು ಠಾಣೆ ಲೋಕಲ್ ಹತ್ತಿ, ಅಲ್ಲಿ ಗಾಡಿ ಬದಲಿಸಿ ನಮ್ಮ ಮನೆಗೆ ಬಂದಳು.

"ಅಣ್ಣಾ, ನಿನಗೆ ಅರ್ಥ ಆದ್ರೆ ಲೋಕದಲ್ಲಿ ಯಾರಿಗಾದ್ರೂ ಅರ್ಥ ಆಗ್ತದೆ" ಎಂದಳು.

ಇದು ಬೈಗುಳವೋ ಹೊಗಳಿಕೆಯೋ ಎಂದು ಯೋಚಿಸುವಷ್ಟರಲ್ಲಿ ತಲೆ ಆಡಿಯಾಗಿತ್ತು. ಮನೆಯಲ್ಲಿ ನಾವು ತುಳು ಮಾತಾಡುವವರು. ಆದರೆ ತುಳುವಿನಲ್ಲಿ ಹೇಳಿದರೆ ನಾನು ನಡುವೆ ಜಗಳ ತೆಗೆಯುತ್ತೇನೆಂದು ಅವಳು ಕನ್ನಡದಲ್ಲಿ ಶುರುಮಾಡಿದಳು. ಹೊಸ್ತಿಲು ಅರ್ಥವಾಯಿತು, ಕಾವಲುಗಾರ ಅರ್ಥವಾದ. ಆಮೇಲೆ ಒಂದು ಕಡೆ ಅವಳು, ಕಾವಲುಗಾರನೂ ಕೆಲಸ ಮಾಡುವಾಗ ಅವೇ ಫಂಕ್ಷನ್ನುಗಳನ್ನು ಕರೆಯುತ್ತಾನೆ, ಅಲ್ಲಿಯೂ ಕಾವಲು ಇರುತ್ತದೆ ಎಂದಳು. ನನ್ನ ತಲೆಯೊಳಗೆ ಕರೆಂಟು ಹೋಯಿತು. ಹೊರಗಿನಿಂದ ಅದು ಕಾಣಿಸಲಿಲ್ಲ. ತಲೆ ತನ್ನ ಪಾಡಿಗೆ ಆಡುತ್ತಲೇ ಇತ್ತು.

"ಇದು ಗೊತ್ತಾಯ್ತಾ? ಇಲ್ಲದಿದ್ರೆ ಹೇಳು ಮಾರಾಯ, ಬೇಕಾದ್ರೆ ಇನ್ನೊಂದು ಸಲ ಬರೀತೇನೆ."

ಶಾರದೆ ಪಕ್ಕದಲ್ಲೇ ಕೂತು ಅಲಸಂಡೆ ಮುರಿಯುತ್ತಿದ್ದಳು. ಹೆಂಡತಿಯ ಎದುರಿಗೆ, ಅದೂ ತಂಗಿಯ ಬಾಯಿಂದ, ದಡ್ಡನೆನಿಸಿಕೊಳ್ಳಲು ಮನಸ್ಸಾಗಲಿಲ್ಲ. "ಇದರಲ್ಲಿ ಗೊತ್ತಾಗದ್ದು ಎಂತ ಉಂಟು?" ಎಂದುಬಿಟ್ಟೆ. ಸುಮಾಳ ಮುಖ ಅರಳಿತು. ಮಂಗಳವಾರ ಕಳಿಸಿಬಿಡುತ್ತೇನೆ ಎಂದು ಹೇಳಿ ಹೊರಟಳು.

ಪಾಪಪ್ರಜ್ಞೆ ಎಂಬುದು ದಿನದ ವ್ಯಾಪಾರಕ್ಕೆ ಒಳ್ಳೆಯದಲ್ಲ. ಸೋಮವಾರ ಗಲ್ಲಾದಲ್ಲಿ ಕೂತವನಿಗೆ, ಅರ್ಥವಾಗಿದೆಯೋ ಇಲ್ಲವೋ ಪರೀಕ್ಷಿಸಿಯೇ ಬಿಡೋಣ ಎನ್ನಿಸಿತು. ಮಧ್ಯಾಹ್ನದ ರೈಸ್‌ಪ್ಲೇಟು ತಡವಾಗುತ್ತದೆಂದು ಗಿರಾಕಿಗಳು ಗೊಣಗುತ್ತಿದ್ದರು. ಸರಿ, ಹೋಟೆಲಿಗೇ ಟ್ರೇಸಿಂಗ್ ಹಾಕಿದೆ. ಯಾರೇ ಯಾವುದೇ ಕೆಲಸ ಹಿಡಿದರೂ ಬಂದು ನನಗೆ ಹೇಳಬೇಕು, ಬಿಟ್ಟಾಗಲೂ ಹೇಳಬೇಕು ಎಂದು ಅಪ್ಪಣೆಯಾಯಿತು. ನಮ್ಮ ಅಡುಗೆಯ ವಾಸುಭಟ್ಟರು ಇಂಥದ್ದನ್ನು ಶ್ರದ್ಧೆಯಿಂದ ಪಾಲಿಸುವವರು. ಯಜಮಾನನಿಗೆ ಬುದ್ಧಿ ಕಲಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಅವರಿಗೆ ಗೊತ್ತು. ಸಾಸಿವೆ ಹಾಕಿದೆ ಎಂದು ಹೇಳಲು ಸೌಟು ಹಿಡಿದು ಗಲ್ಲಾದವರೆಗೆ ಬಂದರು. ಅವರು ಹೇಳಿ ತಿರುಗುವಷ್ಟರಲ್ಲಿ ಒಗ್ಗರಣೆ ಕರಕಲಾಗಿ, ಗಿರಾಕಿಗಳೆಲ್ಲ ಕೆಮ್ಮುತ್ತಿದ್ದರು. ದೋಸೆಯ ಗಣಪತ್, ತವಾ ಬಿಟ್ಟು ಬರಲಾರೆನೆಂದು ಮರಾಠಿಯಲ್ಲಿ ಅಲ್ಲಿಂದಲೇ ಕೂಗತೊಡಗಿದ. ಅದುವರೆಗೆ ತಡವಾಗುತ್ತಿದ್ದ ರೈಸ್‌ಪ್ಲೇಟು ಈಗ ಬರುವುದೇ ನಿಂತಿತು.

ಭಟ್ಟರು ಮತ್ತೆ ಬಂದರು. ಈ ಸಲ ಸೌಟು ಕೆಳಗಿಟ್ಟಿದ್ದರು.

"ರಾಯರೇ, ನಿಮಗೆ ಹೇಳ್ಲಿಕ್ಕೆ ಬರುವುದೂ ಒಂದು ಕೆಲಸವೇ ಅಲ್ವಾ? ಅದು ಶುರುವಾಯ್ತು ಅಂತಲೂ ನಿಮಗೆ ಹೇಳಬೇಕಾ? ಹೇಳ್ಲಿಕ್ಕೆ ಬಂದೆ ಅಂತ ಹೇಳ್ಲಿಕ್ಕೆ ಬಂದೆ ಅಂತ ಹೇಳ್ತಾ ನಾನು ಇಲ್ಲೇ ನಿಂತ್ರೆ ಸಾಂಬಾರು ನಿಮ್ಮ ಅಜ್ಜ ಮಾಡ್ತಾರಾ?"

ಅವರು ಅಣಕಿಸಿ ಒಳಗೆ ಹೋದರು. ನಾನು ಮಾತ್ರ ಎಣಿಸುತ್ತಿದ್ದ ಚಿಲ್ಲರೆಯನ್ನು ಅರ್ಧಕ್ಕೇ ಬಿಟ್ಟೆ. ಭಾನುವಾರ ನನ್ನ ತಲೆಯಲ್ಲಿ ಕರೆಂಟು ಹೋದದ್ದು ಸರಿಯಾಗಿ ಇದೇ ಜಾಗದಲ್ಲಿ. ವರದಿ ಕೊಡುವವನ ಮೇಲೆ ಮತ್ತೆ ವರದಿ, ಅದರ ಮೇಲೆ ಇನ್ನೊಂದು. ಈ ಸುತ್ತನ್ನು ನಿಲ್ಲಿಸುವವರು ಯಾರು? ಸುಮಾ ಅದನ್ನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಇಷ್ಟರ ಮೇಲಾದರೂ ನಾನು ಉದ್ಧಾರವಾಗಬಹುದಿತ್ತು. ಮಂಗಳವಾರ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ಅಣ್ಣಾ, ಈಗಲೇ ಕಳಿಸ್ತಾ ಇದ್ದೇನೆ. ನನಗೆ ಆ ಕಾವಲುಗಾರನ ಭಾಗದ ಮೇಲೆಯೇ ಸಂಶಯ ಇದ್ದದ್ದು. ನೀನು ಒಂದೇ ಸಲಕ್ಕೆ ಹಿಡಿದದ್ದು ನೋಡಿ ಧೈರ್ಯ ಬಂತು." ಫೋನಿನಲ್ಲಿ ತಲೆಯಾಡಿಸಿದರೆ ಕಾಣಿಸುವುದಿಲ್ಲ. ಹಾಗಾಗಿ ಬಾಯಿಬಿಟ್ಟೇ ಹೇಳಬೇಕಾಯಿತು: "ಒಳ್ಳೇದಾಗ್ಲಿ." ಇಟ್ಟುಬಿಟ್ಟೆ.

ಒಳ್ಳೆಯದಾಗಲಿಲ್ಲ. ಓದಿದವರೆಲ್ಲ ಅದೇ ಜಾಗದಲ್ಲಿ ಮುಗ್ಗರಿಸಿದರಂತೆ. ಕಾವಲುಗಾರ ತನ್ನನ್ನೇ ಕಾಯತೊಡಗಿದರೆ ತಡೆಯುವವರು ಯಾರು, ಹಳೆಯ ವಿಧಾನದಲ್ಲಿ ಬಳಸುವವರೇ ತಡೆಯಬೇಕಿತ್ತು, ಹೊಸದರಲ್ಲಿ ಹೇಗೆ ಎಂದು ದೇಶ ದೇಶಗಳಿಂದ ಪ್ರಶ್ನೆ ಬಂತು. ತಡೆಯುವ ಏರ್ಪಾಡನ್ನು ಅವಳು ಒಳಗೇ ಮಾಡಿಟ್ಟಿದ್ದಳು; ವಿವರಣೆಯಲ್ಲಿ ಒಂದು ವಾಕ್ಯ ಬರೆದಿರಲಿಲ್ಲ, ಅಷ್ಟೆ. ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಬಾಗಿಲು ಮುಚ್ಚಿತು. ಅವಳ ಹೆಸರು ಹೊರಗೇ ಉಳಿಯಿತು.

ಮುಂದಿನ ಭಾನುವಾರ ಅವಳು ಬಂದಾಗ ಎಲ್ಲವನ್ನೂ ಒಪ್ಪಿಕೊಂಡೆ, ಸಾಸಿವೆಯವರೆಗೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು "ನಿನಗೆ ಗೊತ್ತಾಗದ ಜಾಗವೇ ನನಗೆ ಬೇಕಿದ್ದದ್ದು ಅಣ್ಣಾ, ಗೊತ್ತಾದದ್ದು ಅಲ್ಲ" ಎಂದಳು. ಬೈದಿದ್ದರೆ ವಾಸಿಯಿತ್ತು.

ಹೊಸದಾಗಿ ಬರೆದದ್ದನ್ನು ಓದತೊಡಗಿದಳು. ಪ್ರಾಯಶ್ಚಿತ್ತಕ್ಕೆಂದು ನಾನು ಮೊದಲ ವಾಕ್ಯಕ್ಕೇ ಗೊತ್ತಾಗಲಿಲ್ಲ ಎಂದೆ. ಎರಡನೆಯದಕ್ಕೂ ಎಂದೆ. ಹೊಸ್ತಿಲು ಅಂದರೆ ಏನು ಎಂದು ಕೇಳಿದಾಗ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆಯಿಂದ ತಿರುಗಿಸಿ, "ಅತ್ತಿಗೆ, ನೀವು ಸ್ವಲ್ಪ ಕೇಳ್ತೀರಾ?" ಎಂದಳು. ಶಾರದೆ ಕೈಯೊರೆಸಿಕೊಂಡು ಬಂದು ಕೂತಳು. ಅವಳಿಗೆ ಅರ್ಥವಾದಲ್ಲಿ ಹೂಂ ಎಂದಳು, ಆಗದಲ್ಲಿ ಇಲ್ಲ ಎಂದಳು. ಇಷ್ಟು ಸುಲಭದ ಕೆಲಸ. ಚಹಾ ಮಾಡಲು ಎದ್ದವನು ನಾನು.

ಈ ಸಲ ಬಾಗಿಲು ತೆರೆದಾಗ ಸುಮಾಳ ಹೆಸರು ಒಳಗೆ ಹೋಯಿತು. ವಿವರಣೆ ಬಹಳ ತಿಳಿಯಾಗಿದೆ ಎಂದು ಹಿರಿಯರು ಬರೆದರಂತೆ. ಈಗ ಅವಳು ಏನು ಬರೆದರೂ ಅತ್ತಿಗೆಗೇ ಫೋನ್. ನಾನು ಗಲ್ಲಾದಲ್ಲಿ ಕೂತು ಯೋಚಿಸುತ್ತೇನೆ: ಶಾಲೆ ಬಿಟ್ಟದ್ದೇ ಅರ್ಹತೆಯಾಗುವಂಥ ಕೆಲಸ ಈ ಜಗತ್ತಿನಲ್ಲಿ ಒಂದೇ ಒಂದು ಇತ್ತು, ಅದು ತಾನಾಗಿ ನನ್ನ ಮನೆಬಾಗಿಲಿಗೆ ಬಂದಿತ್ತು. ಓದಿದವನ ಹಾಗೆ ಕೂತು ಅದನ್ನೂ ಕಳೆದುಕೊಂಡೆ.