ಕನ್ನಡಿ ಇದ್ದದ್ದೋ, ಇಲ್ಲದ್ದೋ?

ನಮ್ಮ ಕಾಕಾ ಮದುವೆಗೆಂದು ನೋಡಿದ್ದು ಒಂದೇ ಒಂದು ಹೆಣ್ಣು. ಅದೂ ಉಪ್ಪಿಟ್ಟಿನ ತಾಟು ಖಾಲಿಯಾಗುವಷ್ಟರಲ್ಲಿ ನೋಡಿ, ಒಪ್ಪಿ, ಕೈ ತೊಳೆದು ಎದ್ದು ಬಂದವರು. ಆದರೆ ಅದೇ ಹೆಂಡತಿಯ ಒಂದು ಫೋಟೋ ತೆಗೆಯಲು ಕ್ಯಾಮೆರಾ ಆರಿಸುವಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರುಗಳನ್ನು ಸುತ್ತಿ ಚಪ್ಪಲಿ ಸವೆಸಿದರು! ಮೊದಲ ಮಳೆಗೆ ಶುರುವಾದ ಹುಡುಕಾಟ, ಕಬ್ಬು ಕಡಿದು ಗಾಡಿ ಸೇರಿ, ಮತ್ತೊಂದು ಮಳೆ ಬಂದರೂ ಮುಗಿಯಲಿಲ್ಲ.

“ಕಾಕಾ, ಹೆಣ್ಣು ನೋಡೂದಕ್ಕಿಂತ ಕ್ಯಾಮೆರಾ ನೋಡೂದು ಕಷ್ಟ ಐತೇನ್ರಿ?” ಎಂದು ಕೇಳಿದೆ.

“ಹೆಣ್ಣು ನೋಡಾಕ ಹೋದಾಗ ಮುಂದ ಒಬ್ಬಾಕೀನ ಕುಂತಿದ್ಳಲೇ ತಮ್ಮಾ. ಇದರಾಗ ಎರಡು ನಮೂನಿ ಬಂದಾವು!” ಅಂದರು.

ಕಾಕಾನದು ಘೋಡಗೇರಿಯಲ್ಲಿ ಹಿಟ್ಟಿನ ಗಿರಣಿ. ಮೀಸೆ ಮೂಡುವ ವಯಸ್ಸಿನಿಂದ ಅದರ ಪಕ್ಕದಲ್ಲೇ ನಿಂತು ನಿಂತು, ಕಿವಿಗಳೆರಡೂ ಈಗ ಮುಖದ ಅಂದಕ್ಕೆ ಮಾತ್ರ ಉಳಿದಿವೆ. ತುಟಿ ನೋಡಿ ಅರ್ಧ, ಅಂದಾಜಿನಲ್ಲಿ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಕಿವಿಗೆ ಮಷಿನ್ ಹಾಕಿಸೋಣ ಎಂದರೆ, “ಈ ವಯಸ್ಸಿನ್ಯಾಗ ಹೊಸಾದು ಏನ್ ಕೇಳೂದೈತಿ?” ಅನ್ನುತ್ತಾರೆ. ತಮಗೆ ಕೇಳುವುದಿಲ್ಲವಾದ್ದರಿಂದ ಲೋಕಕ್ಕೂ ಕೇಳುವುದಿಲ್ಲ ಎಂಬುದು ಅವರ ನಂಬಿಕೆ. ಹೀಗಾಗಿ ಅವರು ಮನೆಯಲ್ಲಿ ಕೂತು ಗುಟ್ಟು ಹೇಳಿದರೆ ಊರಬಾಗಿಲ ಅಗಸಿಯಲ್ಲಿ ಕೂತವರು ‘ಹೌದ?’ ಎಂದು ಕೇಳುತ್ತಾರೆ.

ಕಿವಿಯ ಕೆಲಸವನ್ನೆಲ್ಲ ಅವರ ಬೆರಳುಗಳೇ ವಹಿಸಿಕೊಂಡಿವೆ. ಹಿಟ್ಟನ್ನು ಚಿಮಟಿ ಹಿಡಿದು ತಿಕ್ಕಿ ನೋಡುವ ಹಾಗೆ ಸೀರೆ, ಸಾಬೂನು, ಹೊಸ ಅಳಿಯನ ಅಂಗಿಯ ತೋಳು, ಎಲ್ಲವನ್ನೂ ತಿಕ್ಕಿ ನೋಡಿಯೇ ಅಭಿಪ್ರಾಯ ಕೊಡುವುದು. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ದಾಟಿದ ಮೊದಲಿಗ ನಾನು. ಮಮದಾಪುರದಿಂದ ಗೋಕಾಕಕ್ಕೆ ಸೈಕಲ್ ತುಳಿದು, ರಜೆಯ ದಿನ ಮಂದಿಯ ಹೊಲದಲ್ಲಿ ದುಡಿದು ಗಳಿಸಿದ ಬಿ.ಎ. ಅದು. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಪದವಿ ಪತ್ರ ತೋರಿಸಲು ಓಡಿ ಹೋದರೆ, ಓದು ಬಾರದ ಕಾಕಾ ಅದರ ಮೂಲೆಯನ್ನು ಬೆರಳಲ್ಲಿ ತಿಕ್ಕಿ, “ಛಲೋ ಬೀಸ್ಯಾರ!” ಅಂದರು. ವಿಶ್ವವಿದ್ಯಾಲಯ ಕೂಡ ನನ್ನನ್ನು ಅಷ್ಟು ಹೊಗಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದೆಲ್ಲ ನನ್ನ ಪಾಲಿಗೆ ಬಂತು. ಫ್ರಿಜ್ ಕೆಟ್ಟರೂ ನಾನೇ, ಎಮ್ಮೆ ಮೇವು ಬಿಟ್ಟರೂ ನಾನೇ. ಗೊತ್ತಿಲ್ಲ ಎಂದರೆ, “ಬಿ.ಎ. ಮಾಡೀದಿ, ಇಷ್ಟ ಗೊತ್ತಿಲ್ಲೇನು?” ಕ್ಯಾಮೆರಾ ವಿಷಯದಲ್ಲಿ ನನ್ನನ್ನು ಬಿಟ್ಟಾರೆಯೇ?

ಇನ್ನು ಕಾಕಾನ ಹೆಂಡತಿ, ನಮ್ಮ ಕಾಕೂ. ಕಾಕೂಗೆ ಒಂದು ಗುಣವಿದೆ. ಎದುರಿಗೆ ಏನೇ ‘ಖಟಕ್’ ಎಂದರೂ ಕಣ್ಣು ಮುಚ್ಚುತ್ತಾರೆ. ದಿನವಿಡೀ ಭರ್ರೆನ್ನುವ ಗಿರಣಿ ಅವರನ್ನೇನೂ ಮಾಡುವುದಿಲ್ಲ. ಒಮ್ಮೆಲೇ ಬರುವ ಸಪ್ಪಳವೇ ಆಗದು. ಹೀಗಾಗಿ ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿದೆ. ಮಗಳ ಹೆಸರಿಡುವ ಫೋಟೋದಲ್ಲಿ ಮುಚ್ಚಿದೆ. ಪದವಿ ಪಡೆದ ದಿನ ಕರಿ ಗೌನು ತೊಟ್ಟ ನನ್ನ ಪಕ್ಕದಲ್ಲಿ ನಿಂತದ್ದರಲ್ಲೂ ಮುಚ್ಚಿದೆ. ಅದನ್ನು ನೋಡಿದವರು, “ಎಷ್ಟ ಭಕ್ತೀಲೆ ನಿಂತಾರ ನೋಡ್ರಿ!” ಅನ್ನುತ್ತಾರೆ.

ಯಾರಿಗೂ ಇದು ತೊಂದರೆ ಎನಿಸಿರಲಿಲ್ಲ. ಆದರೆ ಬಾಜೂಮನೆಯ ಅಜ್ಜಿ ತೀರಿಕೊಂಡಾಗ ಮಾಲೆ ಹಾಕಲು ಒಂದು ಫೋಟೋ ಸಿಗದೆ, ಯಾರದೋ ಮದುವೆಯ ಗುಂಪಿನಿಂದ ಅಜ್ಜಿಯನ್ನು ಕತ್ತರಿಸಿ ತೆಗೆದರು. ಜತೆಗೆ ಬೀಗರೊಬ್ಬರ ಮೊಣಕೈಯೂ ಬಂದು, ಅಜ್ಜಿಯೊಂದಿಗೆ ಅದಕ್ಕೂ ಮಾಲೆ ಬಿತ್ತು. ಮಣ್ಣು ಮುಗಿಸಿ ಮನೆಗೆ ಬಂದ ಕಾಕೂ ತಮ್ಮ ಗೋಡೆಯ ಫೋಟೋಗಳ ಮುಂದೆ ನಿಂತರು.

“ನಾಳೆ ನಾ ಹ್ವಾದ್ರ ಯಾವ್ದಕ್ಕ ಮಾಲಿ ಹಾಕ್ತೀರಿ? ಎಲ್ಲಾದ್ರಾಗೂ ಮೊದಲ ಹೋಗಿಬಿಟ್ಟಂಗ ಅದೇನಿ!”

ನಾವೆಲ್ಲ ನಕ್ಕೆವು. ಕಾಕೂ ಎಲ್ಲರಿಗಿಂತ ಜೋರಾಗಿ ನಕ್ಕರು. ಕೇಳಿಸದ ಕಾಕಾ, “ಏನಂದ್ಳು?” ಎಂದು ನನ್ನ ಮುಖ ನೋಡಿದರು. ನಾನು ಕಿವಿಯಲ್ಲಿ ಒದರಿ ಹೇಳಿದೆ. ಅವರು ನಗಲಿಲ್ಲ. ಎದ್ದು ಹೋಗಿ ಗಿರಣಿ ಶುರು ಮಾಡಿದರು. ಅಂದು ಬೀಸಲು ಒಂದು ಹಿಡಿ ಕಾಳೂ ಬಂದಿರಲಿಲ್ಲ.

ಮರುದಿನದಿಂದ ಕಾಕಾನಿಗೆ ಒಂದೇ ಗುಂಗು: ಕಾಕೂ ಕಣ್ಣು ಬಿಟ್ಟ, ಗೋಡೆಗೆ ಹಾಕುವಂಥ ಒಂದು ಫೋಟೋ.

ಮೊದಲು ಗೋಕಾಕದ ಸ್ಟುಡಿಯೋದವರನ್ನು ಮನೆಗೇ ಕರೆಸಿದರು. ಅವರು ದೊಡ್ಡ ಕ್ಯಾಮೆರಾ ಹಿಡಿದು ಖಟಕ್ ಎಂದರು, ಕಾಕೂ ಮುಚ್ಚಿದರು. ಅವರು ಖಟಕ್, ಇವರು ಮುಚ್ಚು. ಹೊತ್ತು ಇಳಿಯುವವರೆಗೂ ನಡೆಯಿತು. ಕೊನೆಗೆ ಅವರು ಬೆವರು ಒರೆಸಿಕೊಂಡು, “ಚಿಂತಿ ಮಾಡಬ್ಯಾಡ್ರಿ ಯಜಮಾನ್ರ, ಕಂಪ್ಯೂಟರಿನ್ಯಾಗ ಕಣ್ಣು ಕೂಡಿಸಿ ಕೊಡತೇನಿ,” ಅಂದರು.

“ಯಾರ ಕಣ್ಣು?” ಎಂದರು ಕಾಕೂ.

“ಯಾರದರ ಛಲೋವು ನೋಡಿ ಹಚ್ಚೂಣ್ರಿ.”

ನಾನು ಇದನ್ನು ಒದರಿ ಹೇಳಿದಾಗ ಕಾಕಾ ಕೆಂಪಾದರು. “ಮಂದಿ ಕಣ್ಣಲೆ ಇಕಿ ನನ್ನ ಯಾಕ ನೋಡಬೇಕಲೇ?”

ಮೊಬೈಲ್ ಇದೆಯಲ್ಲ ಅನ್ನುತ್ತೀರಾ? ಅದೂ ಆಯಿತು. ಅವರ ಮಗಳು ದೂರದಿಂದ ಕಾಕೂಗೆ ತಿಳಿಯದ ಹಾಗೆ ಒಂದು ತೆಗೆದಿದ್ದಳು. ಕಣ್ಣು ಬಿಟ್ಟೇ ಇತ್ತು! ಗೋಡೆಯ ಅಳತೆಗೆ ದೊಡ್ಡದು ಮಾಡಿಸಿದರೆ ಮುಖವೆಲ್ಲ ಚುಕ್ಕೆ ಚುಕ್ಕೆ. ಕಾಕಾ ಕಣ್ಣಿನ ಹತ್ತಿರ ಹಿಡಿದು ನೋಡಿ ತೀರ್ಪು ಕೊಟ್ಟರು: “ಇದು ಹಿಟ್ಟಲ್ಲ, ರವಾ!”

ಆಗಲೇ ಕಾಕಾ ಸ್ವಂತ ಕ್ಯಾಮೆರಾ ಕೊಂಡು, ತಾವೇ ಕಲಿತು, ತಾವೇ ತೆಗೆಯುವುದೆಂದು ನಿರ್ಧರಿಸಿದ್ದು. ಗೋಕಾಕದ ಸ್ಟುಡಿಯೋಗೆ ಹೋಗಿ ಅದೇ ದೊಡ್ಡ ಕ್ಯಾಮೆರಾ ಕೈಗೆ ತೆಗೆದುಕೊಂಡರು. ಒತ್ತಿದರು. ಮುಖ ಅರಳಿತು.

“ಬಡೀತು! ಕೈಗೆ ಬಡೀತು ನೋಡಲೇ!”

ಅದು ಡಿ.ಎಸ್.ಎಲ್.ಆರ್. ಹೊಟ್ಟೆಯಲ್ಲೊಂದು ಕನ್ನಡಿ ಇರುತ್ತದೆ. ಒತ್ತಿದಾಗ ಅದು ಎಗರಿ ಬೀಳುತ್ತದೆ. ಆ ಎಗರಾಟದ ಸಪ್ಪಳವೇ ಖಟಕ್. ಕಾಕಾನಿಗೆ ಸಪ್ಪಳ ಕೇಳದಿದ್ದರೂ ಅದರ ಏಟು ಅಂಗೈಗೆ ತಾಗುತ್ತದೆ. “ಇದರಾಗ ಜೀವ ಐತಿ. ತಗದ್ನೋ ಇಲ್ಲೋ ಅಂತ ಯಾರನ್ನೂ ಕೇಳೂದ ಬ್ಯಾಡ,” ಎಂದರು. ಎಲ್ಲ ಸರಿ, ಆದರೆ ಕಾಕೂ ಕಣ್ಣು ಮುಚ್ಚುವುದೂ ಅದೇ ಖಟಕ್ಕಿಗಲ್ಲವೇ?

ನಾನು ಬಿ.ಎ.ಗೆ ತಕ್ಕ ಹಾಗೆ ಓದಿ, ವಿಡಿಯೋ ನೋಡಿ, ವಿಷಯ ಬಿಡಿಸಿ ಹೇಳಿದೆ. ಈಗ ಮಿರರ್‌ಲೆಸ್ ಎಂಬುದು ಬಂದಿದೆ. ಅದರಲ್ಲಿ ಕನ್ನಡಿ ಇಲ್ಲ. ಹಗುರ. ಇಣುಕುವ ಕಿಂಡಿಯಲ್ಲಿ ಪುಟ್ಟ ಟಿ.ವಿ. ಇರುತ್ತದೆ, ಫೋಟೋ ಹೇಗೆ ಬರುತ್ತದೆಂದು ಮೊದಲೇ ಕಾಣುತ್ತದೆ. ಹೊಸಬರಿಗೆ ಸಲೀಸು. ಎಲ್ಲಕ್ಕಿಂತ ಮುಖ್ಯ, ಬೇಕೆಂದರೆ ಒಂದಿಷ್ಟೂ ಸಪ್ಪಳವಿಲ್ಲದೆ ತೆಗೆಯಬಹುದು. ಬ್ಯಾಟರಿ ಬೇಗ ಮುಗಿಯುತ್ತದೆ, ಅಷ್ಟೇ. ಮುಗಿಯಿತಲ್ಲ ಪ್ರಶ್ನೆ?

ಎಲ್ಲಿ ಮುಗಿಯಬೇಕು! ಮೂಡಲಗಿಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಮಿರರ್‌ಲೆಸ್ಸನ್ನು ಕೈಗಿಟ್ಟು, ಸಪ್ಪಳ ಬಂದ್ ಮಾಡಿ, “ನನ್ನ ಫೋಟೋನ ತಗೀರಿ ಯಜಮಾನ್ರ,” ಎಂದು ಮೀಸೆ ತಿರುವಿ ನಿಂತರು. ಕಾಕಾ ಒತ್ತಿದರು.

“ತಗೀಲಿಲ್ಲಲಾ?”

“ತಗದೈತ್ರಿ.”

“ಯಾವಾಗ?”

“ಈಗ ತಗದೈತ್ರಿ!”

ಕಾಕಾ ನಂಬಲಿಲ್ಲ. ಬೆರಳಿಗೆ ಏನೂ ತಿಳಿಯುತ್ತಿಲ್ಲವಲ್ಲ! ಒತ್ತಿ ಹಿಡಿದರು. ಇನ್ನೂ ಗಟ್ಟಿಯಾಗಿ ಹಿಡಿದರು. ಕೊನೆಗೆ ಬೇಸತ್ತು, “ಇದು ಕೆಟ್ಟೈತಿ,” ಎಂದು ಗಾಜಿನ ಮೇಜಿನ ಮೇಲಿಟ್ಟರು. ಒತ್ತಿ ಹಿಡಿದಷ್ಟು ಹೊತ್ತೂ ಅದು ಒಂದರ ಹಿಂದೊಂದು ತೆಗೆಯುತ್ತಲೇ ಇತ್ತು. ತೆರೆದು ನೋಡಿದರೆ ಅಂಗಡಿಯವರ ಮೀಸೆಯ ಒಂದೊಂದು ಕೂದಲಿಗೂ ಒಂದೊಂದು ಫೋಟೋ ಬಂದಿತ್ತು.

ಈ ಸುದ್ದಿ ಗಿರಣಿಗೆ ಬಂದು, ಜೋಳ ಬೀಸಿಸಲು ಬಂದವರಲ್ಲಿ ಎರಡು ಪಕ್ಷಗಳಾದವು. ಲೆನ್ಸ್ ಬಿಚ್ಚಿದಾಗ ಒಳಗಿನ ಸೂಕ್ಷ್ಮ ಭಾಗದ ಮುಂದೆ ಕನ್ನಡಿ ಅಡ್ಡ ಇರುತ್ತದೆ, ಮಿರರ್‌ಲೆಸ್ಸಿನಲ್ಲಿ ಅದು ಬಯಲಾಗುತ್ತದೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, “ಅಂದ್ರ ಬಾಗಲಾ ಇಲ್ಲದ ಮನಿ! ಗಿರಣ್ಯಾಗ ಹಾರೂ ಹಿಟ್ಟೆಲ್ಲಾ ಒಳಗ ಕುಂಡರತೈತಿ!” ಎಂದು ಒಬ್ಬರು ಕೂಗಿದರು. “ಹಿಟ್ಟಿನ್ಯಾಗ ಯಾಂವ ಬಿಚ್ಚತಾನ್ರಿ ಅದನ್ನ?” ಎಂದು ಇನ್ನೊಬ್ಬರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ ಮುದುಕಿಯೊಬ್ಬಳು, “ಕನ್ನಡಿ ಇಲ್ಲದ ಮನಿಗೆ ನಾವು ಹೆಣ್ಣ ಕೊಡಂಗಿಲ್ಲವಾ,” ಎಂದು ಚರ್ಚೆಗೆ ತೆರೆ ಎಳೆದಳು. ಕಾಕಾ ಯಾವ ಪಕ್ಷದ ಮಾತೂ ಕೇಳಿಸದೆ ಎರಡಕ್ಕೂ ತಲೆಯಾಡಿಸಿದರು.

ಅಷ್ಟರಲ್ಲಿ ಹುಕ್ಕೇರಿಯಲ್ಲಿ ಬೀಗರ ಮದುವೆ ಬಂತು. ಕಾಕಾ ಗೋಕಾಕದ ಸ್ಟುಡಿಯೋದವರ ಹಳೆಯ ಡಿ.ಎಸ್.ಎಲ್.ಆರ್. ಕಡ ಇಸಿದುಕೊಂಡು ಕೊರಳಿಗೆ ಹಾಕಿಕೊಂಡರು. ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಯೋಜನೆ ಹೇಳಿದರು: “ಅಕ್ಕಿಕಾಳ ಹಾಕೂಮುಂದ ಬ್ಯಾಂಡ್ ಬಾರಸ್ತಾರಲಾ, ಆ ಗದ್ದಲದಾಗ ಖಟಕ್ ಅಂದದ್ದು ಇಕಿಗೆ ಕೇಳೂದಿಲ್ಲ. ಯಾರ ಮುಂದೂ ಹೇಳಬ್ಯಾಡ!” ಹಿಂದಿನ ಸೀಟಿನವರು, “ಐಡಿಯಾ ಭಾರಿ ಐತ್ರಿ ಯಜಮಾನ್ರ,” ಅಂದರು. ಮುಂದೆ ಹೆಂಗಸರ ಸೀಟಿನಲ್ಲಿದ್ದ ಕಾಕೂ ತಿರುಗಿ ನೋಡದೆ ಭುಜ ಕುಲುಕಿಸಿ ನಕ್ಕರು.

ಬ್ಯಾಂಡು ಬಾರಿಸಿತು. ಕಾಕಾ ಒತ್ತಿದರು, ಒತ್ತಿದರು, ಕೈ ತುಂಬ ಏಟು ತಿಂದರು. ಊಟದ ಪಂಕ್ತಿಯಲ್ಲಿ ಕೂತು ನೋಡಿದರೆ ಒಂದಾದರೂ ಬೇಡವೇ? ಎಲ್ಲದರಲ್ಲೂ ಕಣ್ಣು ಮುಚ್ಚಿದೆ!

“ನಾ ಏನ ಮಾಡ್ಲಿ?” ಎಂದರು ಕಾಕೂ. “ಅವರು ಢಂ ಅಂದಾಗ ಒಮ್ಮಿ, ನೀವು ಖಟಕ್ ಅಂದಾಗ ಒಮ್ಮಿ. ನಡುವ ಕಣ್ಣ ತಗಿಯಾಕ ಪುರಸೊತ್ತರ ಬೇಕಲ್ರಿ!”

ಆದರೆ ಕಾಕೂಗೂ ಮನಸ್ಸಿಗೆ ಚುರುಕ್ ಎಂದಿರಬೇಕು. ಊರಿಗೆ ಬಂದ ಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ಗೋಡೆಯ ಕನ್ನಡಿ ಮುಂದೆ ನಿಂತು, ತಾವೇ ಚಪ್ಪಾಳೆ ಹೊಡೆದು, ಕಣ್ಣು ಮುಚ್ಚದ ಅಭ್ಯಾಸ ಶುರು ಮಾಡಿದರು. ಮುಚ್ಚಿತೋ ಇಲ್ಲವೋ ನೋಡಬೇಕೆಂದರೆ, ಆ ಹೊತ್ತಿಗೆ ಸರಿಯಾಗಿ ಕಣ್ಣೇ ಮುಚ್ಚಿರುತ್ತಿತ್ತು! ಹಿಟ್ಟು ಕೊಡವಿಕೊಂಡು ನೀರು ಕುಡಿಯಲು ಬಂದ ಕಾಕಾ ಬಾಗಿಲಲ್ಲಿ ನಿಂತು ಇದನ್ನು ನೋಡಿದರಂತೆ. ಚಪ್ಪಾಳೆ ಅವರಿಗೆ ಕೇಳಿಸಿರಲಾರದು. ಕೈ ಕೂಡುವುದು, ರೆಪ್ಪೆ ಬೀಳುವುದು, ಮತ್ತೆ ಕೈ ಕೂಡುವುದು, ಅಷ್ಟೇ ಕಂಡಿರಬೇಕು. ನೀರು ಕುಡಿಯದೆ ತಿರುಗಿ ಹೋದರಂತೆ.

ಮರುದಿನ ಬೆಳಿಗ್ಗೆ ಮಡಿಕೆ ಮುರಿಯದ ಧೋತರ ಉಟ್ಟು, ಈಗ ನಾನಿರುವ ಗೋಕಾಕದ ಮನೆಗೆ ಬಂದರು.

“ನಡಿ. ಸಪ್ಪಳಿಲ್ಲದ್ದ ತರೂಣು.”

“ನಿಮ್ಮ ಕೈಗೆ ಗೊತ್ತಾಗೂದಿಲ್ಲ ಅಂತಿದ್ರೆಲ್ರಿ?”

“ನನಗ ಗೊತ್ತಾಗದಿದ್ರ ಏನಾತು? ಕ್ಯಾಮೆರಾಕ್ಕ ಗೊತ್ತಾಗತೈತಿ!”

ಮೂಡಲಗಿಗೆ ಹೋಗಿ ತಂದೆವು. ಅಂಗಡಿಯವರು ಈ ಸಲ ಮೀಸೆ ತೋರಿಸಲು ಮುಂದೆ ಬರಲಿಲ್ಲ.

ಆ ಭಾನುವಾರ ಗಿರಣಿ ಬಂದ್ ಇತ್ತು. ಕಟ್ಟೆಯ ಮೇಲೆ ಒಳ್ಳೆಯ ಬಿಸಿಲು. ಕಾಕೂ ಇಳಕಲ್ ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು ಕೂತರು. ಸಪ್ಪಳ ಬಂದ್ ಮಾಡಿ, ಕ್ಯಾಮೆರಾವನ್ನು ಕಾಕಾನ ಕೈಗೆ ಕೊಟ್ಟು ನಾನು ಪಕ್ಕಕ್ಕೆ ಸರಿದೆ. ಅವರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಏನೂ ತಿಳಿಯಲಿಲ್ಲವಲ್ಲ, ಬೆರಳು ಬಿಡಲೇ ಇಲ್ಲ. ಒತ್ತಿಯೇ ನಿಂತರು.

ಕಾಕೂ ಕಣ್ಣು ಬಿಟ್ಟುಕೊಂಡೇ ಇದ್ದರು. ಸ್ವಲ್ಪ ಹೊತ್ತು ಕಾದರು. ಗಂಡ ಮುಗಿಸುವ ಲಕ್ಷಣ ಕಾಣದಾಗ ಬಲಗೈ ಎತ್ತಿ ಅಂಗೈ ತೋರಿಸಿದರು. ಕಾಕಾ ತಕ್ಷಣ ಬೆರಳು ತೆಗೆದರು.

ಗಿರಣಿ ಓಡುವಾಗ ಅಲ್ಲಿ ಮಾತು ನಡೆಯುವುದಿಲ್ಲ. ಕಾಳು ಸುರಿಯುವ ಕಡೆ ಕಾಕೂ, ಹಿಟ್ಟು ಬೀಳುವ ಕಡೆ ಕಾಕಾ. ಸಣ್ಣಗೆ ಬೀಸಿರಿ, ತಡೆಯಿರಿ, ಉಂಡು ಬನ್ನಿ, ಮಗಳು ಬಂದಿದ್ದಾಳೆ, ಎಲ್ಲವೂ ಕೈಯಲ್ಲೇ. ಅಂಗೈ ಎತ್ತಿದರೆ ‘ಆತು, ಸಾಕು ಬಿಡ್ರಿ’ ಎಂದರ್ಥ. ಕಿವಿ ಹೋದ ಮೇಲೆ ಮನೆಯಲ್ಲೂ ಅದೇ ಮಾತು ಮುಂದುವರಿದಿದೆ.

ಫೋಟೋಗಳನ್ನು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಎಲ್ಲದರಲ್ಲೂ ಕಣ್ಣು ಬಿಟ್ಟಿದೆ! ರವೆಯಲ್ಲ, ಮೈದಾ ಹಿಟ್ಟಿನಷ್ಟು ನುಣ್ಣಗೆ ಬಂದಿದೆ. ಮಡಿಲಲ್ಲಿ ಕೈಯಿಟ್ಟು ನೇರ ನೋಡುವ ಒಂದನ್ನು ನಾನು ಆರಿಸಿದೆ. ಸ್ಟುಡಿಯೋದವರೂ ಅದನ್ನೇ ಒಪ್ಪಿದರು. ಕಾಕಾ ಮಾತ್ರ ಕೊನೆಯದರ ಮೇಲೆ ಬೆರಳಿಟ್ಟರು. ಅದರಲ್ಲಿ ಕಾಕೂ ಅಂಗೈ ಎತ್ತಿದ್ದರು.

“ಕಾಕಾ, ಕೈ ಅಡ್ಡ ಬಂದೈತ್ರಿ. ಅರ್ಧ ಗಲ್ಲ ಮುಚ್ಚೈತಿ,” ಎಂದು ಒದರಿದೆ.

“ಇರಲಿ ಬಿಡಲೇ,” ಎಂದರು, ಬೀದಿಯವರೂ ತಿರುಗಿ ನೋಡುವಂತೆ. “ಉಳದಾವ್ರಾಗ ಸುಮ್ಮನ ಕುಂತಾಳ. ಇದರಾಗ ನನ್ನ ಕೂಡ ಮಾತಾಡಾಕತ್ತಾಳ.”